ರಾಕ್ಷಸನಿಗೆ ಹೆಣ್ಣು ನೋಡಿದ್ದು

ಹಿಂದೂಪುರದಲ್ಲಿ ನಾನು ಬಹಳ ವರ್ಷ ಟೀಚರ್ ಆಗಿದ್ದೆ. ಮಕ್ಕಳೆದುರು ನಗಬಾರದೆಂದು ಶಾಲೆಯಲ್ಲಿ ಮುಖ ಬಿಗಿದುಕೊಂಡು ಬಂದರೆ, ಮನೆಯ ಜಗಲಿಯ ಮೇಲೆ ಏನಾದರೊಂದು ನಡೆದೇ ಇರುತ್ತಿತ್ತು. ಅದಕ್ಕೆಲ್ಲ ಕಾರಣ ನನ್ನ ತಮ್ಮ.

ನೋಡೋರಿಲ್ಲದ ನಾಟಕ

ಎಂಬತ್ತರ ದಶಕದ ಕೊನೆ. ತಮ್ಮ ಊರಿನ ಸಣ್ಣ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಬೆಂಗಳೂರಿಗೆ ಹೋಗಿದ್ದವನು ರೈಲಿಳಿದು ಬರುವಾಗ ಜೆರಾಕ್ಸ್ ಮಾಡಿಸಿದ ಒಂದು ಆಟದ ಪುಸ್ತಕ, ಇಪ್ಪತ್ತು ಮುಖದ ಒಂದು ದಾಳ ತಂದಿದ್ದ.

"ಅಕ್ಕಾ, ಬರೆದಿಟ್ಕೋ. ಇನ್ನಿಪ್ಪತ್ತು ವರ್ಷಕ್ಕೆ ಊರೂರಲ್ಲೂ ಈ ಆಟಾನೇ ಆಡ್ತಾರೆ."

ನನಗೆ ಊರೂರಿನ ಚಿಂತೆ ಇರಲಿಲ್ಲ, ಇವನದೊಂದೇ ಇತ್ತು. ಅಪ್ಪ ಅಮ್ಮ ಹೋದ ಮೇಲೆ ಇವನಿಗೆ ನಾನೇ ಎಲ್ಲ. ಮೂವತ್ತು ದಾಟಿತ್ತು, ಮೂರು ಸಂಬಂಧ ತಪ್ಪಿ ಹೋಗಿತ್ತು. ನಾಲ್ಕನೆಯದು ಕಲ್ಯಾಣದುರ್ಗದಿಂದ ಆಗ ತಾನೇ ಬಂದಿತ್ತು. ಇದೂ ತಪ್ಪಿದರೆ ಏನು ಗತಿ ಎಂದು ನಾನು ಸಿಕ್ಕ ದೇವರಿಗೆಲ್ಲ ಹರಕೆ ಹೊತ್ತಿದ್ದೆ.

ಪಕ್ಕದ ಮನೆಯ ಹುಣಸೆಹಣ್ಣಿನ ಮಂಡಿಯವರು ದಾಳವನ್ನು ತಿರುಗಿಸಿ ನೋಡಿದರು. "ಇದಕ್ಕೆ ಮನೆ, ಕಾಯಿ ಎಲ್ಲಪ್ಪ?"

"ಅವೇನೂ ಇಲ್ಲ ಮಾವ. ನಾನು ಕತೆ ಹೇಳ್ತೀನಿ. ನೀವು ಅದರೊಳಗೆ ಒಬ್ಬರಾಗಿ, ಏನು ಮಾಡ್ತೀರೋ ಬಾಯಲ್ಲಿ ಹೇಳೋದು. ಆಯ್ತೋ ಇಲ್ವೋ ಅಂತ ದಾಳ ಹೇಳ್ತೈತೆ."

"ನಾಟಕ ಅನ್ನು. ಪರದೆ?"

"ಇಲ್ಲ."

"ಬಣ್ಣ?"

"ಇಲ್ಲ."

"ನೋಡೋರು?"

"ಯಾರೂ ಇಲ್ಲ."

ಮಂಡಿಯವರು ಎದ್ದು ಚಪ್ಪಲಿ ಮೆಟ್ಟಿದರು. ಮೆಟ್ಟಿಲವರೆಗೆ ಹೋಗಿ ವಾಪಸ್ ಬಂದರು. "ನೋಡೋರಿಲ್ಲ ಅಂದ್ರೆ ನಂಗೂ ಒಂದು ಪಾತ್ರ ಕೊಡಪ್ಪ. ಚಿಕ್ಕೋನಾಗಿದ್ದಾಗ ನಾಟಕದಾಗೆ ಮಾತು ಮರ್ತಿದ್ದಕ್ಕೆ ಊರೋರು ಇನ್ನೂ ನಗ್ತಾವ್ರೆ."

ಟವೆಲ್ ಕೆಳಗೆ

ಹೀಗೆ ಭಾನುವಾರದ ಆಟ ಶುರುವಾಯಿತು. ಆಡುವವರು ಮೂವರು: ಮಂಡಿಯವರು, ಎದುರುಮನೆಯಲ್ಲಿ ರೇಷ್ಮೆ ಸೀರೆ ನೇಯುವ ಅಣ್ಣ, ಒಬ್ಬ ಬಸ್ ಕಂಡಕ್ಟರ್. ಕತೆಯಲ್ಲಿ ಬರುವ ಉಳಿದವರೆಲ್ಲ ನನ್ನ ತಮ್ಮನೇ.

ಒಂದು ವಾರ ಸೇತುವೆಯ ಮೇಲೆ ನರಭಕ್ಷಕ ರಾಕ್ಷಸ ಬಂದ. "ನಿಮ್ಮಲ್ಲಿ ಒಬ್ಬನನ್ನು ತಿಂದೇ ಬಿಡುತ್ತೇನೆ" ಎಂದು ತಮ್ಮ ಗುಡುಗಿದ. ಕಂಡಕ್ಟರ್ ಕತ್ತಿ ತೆಗೆದೆ ಎಂದು ದಾಳಕ್ಕೆ ಕೈ ಹಾಕಿದ.

"ತಡಿಯಪ್ಪ, ಅವಸರ ಯಾಕೆ" ಎಂದು ಮಂಡಿಯವರು ಹೆಗಲ ಮೇಲಿನ ಟವೆಲ್ ತೆಗೆದು ಬಲಗೈ ಮೇಲೆ ಹಾಕಿಕೊಂಡರು. ವ್ಯಾಪಾರಕ್ಕೆ ಇಳಿದರೆ ಅವರ ಬಾಯಿಂದ ತೆಲುಗೇ ಬರುವುದು. "ಚೆಯ್ಯಿ ಇವ್ವಪ್ಪಾ" ಎಂದು ರಾಕ್ಷಸನ ಕೈ ಕೇಳಿದರು.

ತಮ್ಮ ಕೈ ಕೊಟ್ಟ. ಮಂಡಿಯಲ್ಲಿ ಟವೆಲ್ ಕೆಳಗೆ ಬೆರಳು ಒತ್ತಿ ದರ ಮಾತಾಡುವ ಹಾಗೆಯೇ ಅರ್ಧ ಗಂಟೆ ನಡೆಯಿತು. ಕೊನೆಗೆ ಮಂಡಿಯವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

"ಕುದುರ್ತು. ಮನುಷ್ಯರನ್ನ ತಿನ್ನೋದು ಬಿಡ್ತಾನಂತೆ. ಸೋಮವಾರದಿಂದ ನಮ್ಮ ಮಂಡಿಗೆ ಹಮಾಲಿ. ಒಳ್ಳೇ ಆಳು, ಎರಡೆರಡು ಮೂಟೆ ಹೊರ್ತಾನೆ ಬಿಡು."

ಕಿರೀಟ

ನೇಯುವ ಅಣ್ಣ ಬಲು ಸಾಧು. ಬೇಡ ಬೇಡ ಎಂದರೂ ಅವನಿಗೆ ಕಳ್ಳನ ಪಾತ್ರ ಬಂತು. ದಾಳ ಚೆನ್ನಾಗಿ ಬಿದ್ದು ಅರಮನೆಯ ಕಿರೀಟವನ್ನೇ ಕದ್ದುಬಿಟ್ಟ. ಸೋಮವಾರ ಬೆಳಗ್ಗೆ ನಾನು ಶಾಲೆಗೆ ಹೊರಟರೆ ಅವನು ಬಾಗಿಲಲ್ಲಿ ನಿಂತಿದ್ದ, ಕಣ್ಣು ಕೆಂಪಗಿತ್ತು.

"ಟೀಚರಮ್ಮ, ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ ಕಣಮ್ಮ. ಕಿರೀಟ ಇದ್ದಲ್ಲೇ ಇಟ್ಬುಡು ಅಂತ ತಮ್ಮಂಗೆ ಹೇಳು. ಭಾನುವಾರದವರ್ಗೂ ಮನೇಲಿ ಇಟ್ಕಳಾಕಾಗಲ್ಲ."

ಒಳಗಿನಿಂದ ತಮ್ಮ ಕೂಗಿದ: "ಇಡೋಕೂ ದಾಳ ಹಾಕ್ಬೇಕು ಅಣ್ಣ."

ಅಣ್ಣ ಅಲ್ಲೇ ದಾಳ ಹಾಕಿದ. ಎರಡು ಬಿತ್ತು. ಇಡಲು ಹೋಗಿ ಸಿಕ್ಕಿಬಿದ್ದ. ಪಾಪ, ಆಮೇಲೆ ಎರಡು ವಾರ ಅವನು ಬಂದು ಜಗಲಿಯ ಮೂಲೆಯಲ್ಲಿ ಮಾತಾಡದೆ ಕೂತಿದ್ದು ಹೋಗುತ್ತಿದ್ದ. ಕೇಳಿದರೆ "ಜೈಲಲ್ಲಿ ಇವ್ನಿ" ಎನ್ನುತ್ತಿದ್ದ.

ಹುಣಸೆಹಣ್ಣು ಕೇಳಿ ಬಂದವರು

ಅಣ್ಣನ ಬಿಡುಗಡೆಯಾದ ಭಾನುವಾರ ಬಿಳಿ ಪಂಚೆಯ ಹಿರಿಯರೊಬ್ಬರು ಬಂದು ಹುಣಸೆಹಣ್ಣು ಬೇಕಿತ್ತು ಎಂದರು. ಮಂಡಿಯವರು "ಆಟ ಮುಗೀಲಿ, ಕೂತ್ಕಳಿ" ಎಂದರು. ಕೂತವರನ್ನು ಸುಮ್ಮನೆ ಬಿಡುವುದುಂಟೇ, ತಮ್ಮ ಅವರನ್ನು ಪರದೇಶದ ಮಂತ್ರಿ ಮಾಡಿದ. ಆಮೇಲೆ ಹಮಾಲಿ ರಾಕ್ಷಸನ ದನಿಯಲ್ಲಿ ನಾಲ್ಕು ಮಾತಾಡಿ, ನೀರು ಕುಡಿಯಲು ಒಳಗೆ ಬಂದ.

ಹಿರಿಯರು ನೇಯುವ ಅಣ್ಣನ ಕಡೆ ವಾಲಿ ಮೆಲ್ಲಗೆ ಕೇಳಿದರು. "ಈಗ ಮಾತಾಡಿದ್ನಲ್ಲ, ಅವನು ಎಂಥೋನಪ್ಪ?"

ಮಂತ್ರಿ ರಾಕ್ಷಸನನ್ನು ವಿಚಾರಿಸುತ್ತಿದ್ದಾನೆ ಎಂದುಕೊಂಡ ಅಣ್ಣ, ಸುಳ್ಳು ಹೇಳಲಾರದೆ ಹೇಳಿದ: "ಮೊದ್ಲು ಮನುಷ್ಯರನ್ನ ತಿಂತಿದ್ದ ಸ್ವಾಮಿ. ಈಗ ಬಿಟ್ಟವ್ನೆ. ಮಂಡಿಗೆ ಸೇರಿದ ಮ್ಯಾಲೆ ಸುಧಾರಿಸವ್ನೆ."

ಹಿರಿಯರು ಹುಣಸೆಹಣ್ಣಿನ ಮಾತೆತ್ತದೆ ಎದ್ದು ಹೋದರು. ಅವರು ಕಲ್ಯಾಣದುರ್ಗದ ಹುಡುಗಿಯ ಅಪ್ಪ, ಗುಟ್ಟಾಗಿ ವರನನ್ನು ವಿಚಾರಿಸಲು ಬಂದಿದ್ದವರು ಎಂದು ಮೂರು ದಿನದ ಮೇಲೆ ಗೊತ್ತಾಯಿತು. ನಾನು ಅಳುವುದೊಂದು ಬಾಕಿ. ಪುಸ್ತಕವನ್ನು ಒಲೆಗೆ ಹಾಕುತ್ತೇನೆ ಎಂದು ಹುಡುಕಿದೆ. ನೇಯುವ ಅಣ್ಣ ಅದನ್ನು ಕದ್ದು ಬಚ್ಚಿಟ್ಟಿದ್ದ.

ಕಲ್ಯಾಣದುರ್ಗ

ಆದರೆ ಹುಡುಗಿ ನೋಡಲು ಬನ್ನಿ ಎಂದು ಕಾಗದ ಬಂತು. ನನಗೆ ನಂಬಿಕೆಯಾಗಲಿಲ್ಲ. ನಾವಿಬ್ಬರೂ, ಮಂಡಿಯವರೂ ಬಸ್ಸು ಹಿಡಿದು ಹೋದೆವು.

ಹುಡುಗಿಯ ಅಪ್ಪ ನಗುತ್ತಲೇ ಕೂರಿಸಿದರು. "ಬಸ್ಸು ಪೆನುಕೊಂಡ ದಾಟೋವರ್ಗೂ ಎದೆ ಹೊಡ್ಕಂತಿತ್ತು. ಆಮ್ಯಾಲೆ ಅದು ಆಟ ಅಂತ ಹೊಳೀತು ನೋಡಿ, ನಗು ತಡೀಲಿಲ್ಲ. ನಾನೂ ಏನು ಕಮ್ಮಿ? ದೊಡ್ಡ ಮಗಳ ಸಂಬಂಧಕ್ಕೆ ಬಿತ್ತನೆಬೀಜ ಮಾರೋನ ವೇಷದಾಗೆ ಹೋಗಿದ್ದೆ. ಎರಡನೇ ಮಗಳ್ದಕ್ಕೆ ಶಾಸ್ತ್ರ ಹೇಳೋನಾಗಿ."

ತಮ್ಮ ನನ್ನ ಕಿವಿಯಲ್ಲಿ ಹೇಳಿದ: "ಇಪ್ಪತ್ತು ವರ್ಷ ಕಾಯೋದೇ ಬೇಡ ಅಕ್ಕ. ಇಲ್ಲಿ ಆಗ್ಲೇ ಆಡ್ತಾವ್ರೆ."

ಹುಡುಗಿ ಉಪ್ಪಿಟ್ಟಿನ ತಟ್ಟೆ ತಂದಳು. "ಎಲ್ಲಾ ಅವಳೇ ಮಾಡಿದ್ದು" ಎಂದರು ಅವಳಮ್ಮ.

"ನಾನಲ್ಲ, ಚಿಕ್ಕಮ್ಮ ಮಾಡಿದ್ದು" ಎಂದಳು ಹುಡುಗಿ. "ನಾನು ಮಾಡಿದ್ದು ಅನ್ನೋದು ಇವತ್ತಿನ ಪಾತ್ರ." ಆಮೇಲೆ ತಮ್ಮನ ಕಡೆ ನೋಡಿ, "ನೀವು ಮನುಷ್ಯರನ್ನ ತಿಂತೀರಂತೆ. ನಂಗೆ ಆ ಅಡುಗೆ ಬರಲ್ಲ. ಕಲೀಬೇಕಾ?" ಎಂದಳು.

ಹತ್ತಾರು ರಾಕ್ಷಸರ ದನಿ ತೆಗೆದಿದ್ದ ನನ್ನ ತಮ್ಮ ಉಪ್ಪಿಟ್ಟಿನ ತಟ್ಟೆಗೆ ತಲೆ ಬಗ್ಗಿಸಿದ. ಅವನ ಪರವಾಗಿ ಮಂಡಿಯವರೇ ಗಂಟಲು ಸರಿಮಾಡಿಕೊಂಡರು.

"ಏನೂ ಬೇಡ ಕಣಮ್ಮ. ಈಗ ನಮ್ಮ ಮಂಡೀಲಿ ಎರಡೆರಡು ಮೂಟೆ ಹೊರ್ತಾವ್ನೆ. ಮುದ್ದೆ, ಸಾರು ಇದ್ರೆ ಸಾಕು."

ಹುಡುಗಿಗೆ ನಗು ಬಂದುಬಿಟ್ಟಿತು. ಆ ಕ್ಷಣವೇ ನನಗೆ ಗೊತ್ತಾಯಿತು, ಈ ಸಂಬಂಧ ತಪ್ಪುವುದಿಲ್ಲ ಎಂದು. ನನ್ನ ಕಣ್ಣಲ್ಲಿ ನೀರು ಬಂತು.

ಆದರೆ ಆಟದ ವಿಷಯ ಆ ಮನೆಯಲ್ಲಿ ಒಬ್ಬರಿಗೆ ಮಾತ್ರ ಯಾರೂ ಹೇಳಿರಲಿಲ್ಲ, ಹುಡುಗಿಯ ಅಮ್ಮನಿಗೆ. ಮದುವೆಯಾಗಿ ಎರಡು ಮಕ್ಕಳಾದವು, ತಮ್ಮ ಫೋರ್‌ಮನ್ ಆದ, ನಾವೆಲ್ಲ ನೂರು ಸಲ ಬಿಡಿಸಿ ಹೇಳಿದೆವು. ಏನೂ ಪ್ರಯೋಜನವಾಗಲಿಲ್ಲ. ಅಳಿಯ ಊಟಕ್ಕೆ ಕೂತರೆ ಆ ತಾಯಿ ಈಗಲೂ ಕೇಳದೆ ಇನ್ನೆರಡು ಮುದ್ದೆ ಹಾಕುತ್ತಾರೆ.

"ತಿನ್ನಪ್ಪ, ನಾಚ್ಕೋಬೇಡ. ದಿನಾ ಎರಡೆರಡು ಮೂಟೆ ಹೊರೋನು ನೀನು."