ಒಂದೇ ಒಂದು ಸಾಲು ಹೇಳು, ಸಾಕು!

"'ಸಿಗ್ತಾ ಇಲ್ಲ' ಅನ್ನೋ ಮಾತು ಇನ್ಮೇಲೆ ಈ ಮನೇಲಿ ಯಾರ ಬಾಯಲ್ಲೂ ಬರಕೂಡದು!"

ಭಾನುವಾರ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಕಡತರಾಯರು ರಾಜಾಜ್ಞೆ ಹೊರಡಿಸಿದರು. ಕಡತರಾಯ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಕಚೇರಿಯ ರೆಕಾರ್ಡ್ ರೂಮನ್ನು ಇಪ್ಪತ್ತಾರು ವರ್ಷ ಏಕಚಕ್ರಾಧಿಪತಿಯಾಗಿ ಆಳಿದ್ದಕ್ಕೆ ಸಹೋದ್ಯೋಗಿಗಳು ಕೊಟ್ಟ ಬಿರುದು. ಮನೆಯಲ್ಲಿದ್ದ ಏಕೈಕ ಪ್ರಜೆ ಅವರ ಹೆಂಡತಿ. ಆಕೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಟೀಚರು. ಆಜ್ಞೆ ಕೇಳಿ ಆಕೆ ತಲೆಬಾಗಲಿಲ್ಲ, ಗಡಿಯಾರ ನೋಡಿದರು.

"ಎರಡೂವರೆ ಆಯ್ತು ರೀ. ಆರು ಗಂಟೆಯೊಳಗೆ ಲೇಖನ ಬರದಿದ್ರೆ ಆ ಪುಟಕ್ಕೆ ಸಾಬೂನಿನ ಜಾಹೀರಾತು ಹಾಕ್ತಾರಂತೆ. ಸಂಪಾದಕರು ಬೆಳಿಗ್ಗೆ ಫೋನಲ್ಲಿ ಹೇಳಿದ್ರು."

ಇಪ್ಪತ್ತು ವರ್ಷದಿಂದ ಪ್ರಶ್ನೆಪತ್ರಿಕೆಗಳ ನಡುವೆ ಕದ್ದುಮುಚ್ಚಿ ಬರೆಯುತ್ತಿದ್ದ ಟೀಚರಿಗೆ ಮೊದಲ ಬಾರಿಗೆ ಅಚ್ಚಿನ ಯೋಗ ಬಂದಿತ್ತು. ಆದರೆ ಲೇಖನವೇ ನಾಪತ್ತೆ! ಅದಕ್ಕೆ ಕಾರಣಪುರುಷರು ಸಾಕ್ಷಾತ್ ಕಡತರಾಯರೇ. ಹಿಂದಿನ ಭಾನುವಾರ ಅವರು ಮನೆಯ ಕಂಪ್ಯೂಟರಿಗೆ ರೆಕಾರ್ಡ್ ರೂಮಿನ ಶಿಸ್ತು ಕಲಿಸಿದ್ದರು. ಎಲ್ಲ ಫೈಲುಗಳನ್ನೂ ಒಂದೇ ಫೋಲ್ಡರಿಗೆ ತುಂಬಿ, ಹೆಸರುಗಳನ್ನು ಅಳಿಸಿ, ಒಂದರಿಂದ ಎರಡು ಸಾವಿರದ ಮುನ್ನೂರ ಹದಿನೆಂಟರವರೆಗೆ ನಂಬರು ಕೊಟ್ಟಿದ್ದರು. ಪಕ್ಕದಲ್ಲಿ ದಪ್ಪ ರಿಜಿಸ್ಟರು ಬೇರೆ. ಅದರಲ್ಲಿ ಹೆಂಡತಿಯ ಸಮಸ್ತ ಬರವಣಿಗೆಗೆ ಒಂದೇ ಸಾಲು: "೬೧೨ರಿಂದ ೧೪೯೦: ಟೀಚರ್ ಅವರ ಇತರೆ ಕಾಗದಗಳು." ಈ ಗಡಿಬಿಡಿಯಲ್ಲಿ ಫೈಲುಗಳ ತಾರೀಖುಗಳೂ ಅದೇ ಭಾನುವಾರಕ್ಕೆ ಬಂದು ನಿಂತಿದ್ದವು. ಬೆಳಿಗ್ಗೆಯಿಂದ ಟೀಚರು ಒಂದೊಂದನ್ನೇ ತೆರೆದು ನೋಡುತ್ತಾ ಎಪ್ಪತ್ತು ದಾಟುವಷ್ಟರಲ್ಲಿ ಕಣ್ಣು ಉರಿ ಬಂದಿತ್ತು.

"ಒಂದೊಂದೇ ತೆಗೆದು ನೋಡೋದು ಅನಾಗರಿಕರ ಕೆಲಸ ಕಣೇ! ಫೈಲಿನ ಹೊಟ್ಟೆಯೊಳಗಿನ ಅಕ್ಷರ ಅಕ್ಷರವನ್ನೂ ಹುಡುಕೋ ಸಾಫ್ಟ್‌ವೇರ್ ಬಂದಿದೆ. ಪುಕ್ಕಟೆ! ಈಗ ಹಾಕ್ತೀನಿ ನೋಡು."

ಹಾಕಿದರು. ಒಪ್ಪಿಗೆಯೇ ಎಂದು ಅದು ಕೇಳಿದಲ್ಲೆಲ್ಲ ಧಾರಾಳವಾಗಿ ಒಪ್ಪಿದರು. ಹುಡುಕುವ ಯಂತ್ರದ ಜೊತೆಗೆ ಹವಾಮಾನ ಹೇಳುವ ಪಟ್ಟಿ, ಇಸ್ಪೀಟು ಆಟ ಮತ್ತು ಅರ್ಧ ತೆರೆ ನುಂಗುವ ಒಂದು ಹಸಿರು ಗಿಣಿ ಬಂದು ಕೂತವು. ಗಿಣಿಯನ್ನು ಓಡಿಸಲು ಮುಕ್ಕಾಲು ಗಂಟೆ ಹಿಡಿಯಿತು! ಓಡಿಸಿದ ಮೇಲೆ ತೆರೆಯ ಮೇಲೆ ಒಂದು ಸೂಚನೆ ಮೂಡಿತು: 'ನಿಮ್ಮ ಫೈಲುಗಳನ್ನು ಓದಲಾಗುತ್ತಿದೆ. ದಯವಿಟ್ಟು ಕಾಯಿರಿ.'

"ನೋಡು, ಪ್ರತಿಯೊಂದನ್ನೂ ಓದ್ತಾ ಇದೆ!" ರಾಯರು ಮೀಸೆ ತಿರುವಿದರು.

"ಅದಾದ್ರೂ ಓದ್ತಾ ಇದೆಯಲ್ಲ," ಎಂದರು ಟೀಚರು.

ಮಾತಿನಲ್ಲಿ ಮುಳ್ಳಿತ್ತು. ರಾಯರಿಗೆ ಚುಚ್ಚಲಿಲ್ಲ, ಅವರ ಚರ್ಮ ಹಳೇ ಕಡತಗಳ ರಟ್ಟಿನಷ್ಟೇ ದಪ್ಪ. ಯಂತ್ರ ಓದಿ ಮುಗಿಸುವಷ್ಟರಲ್ಲಿ ಐದು ಗಂಟೆ ದಾಟಿತು. ರಾಯರು ಬೆರಳು ನೆಟಿಗೆ ಮುರಿದು ಕೀಲಿಮಣೆಯ ಮುಂದೆ ಆಸೀನರಾದರು.

"ಈಗ ನಿನ್ನ ಲೇಖನದ ಒಂದೇ ಒಂದು ಸಾಲು ಹೇಳು, ಸಾಕು. ಕಣ್ಣು ಮಿಟುಕಿಸೋದ್ರಲ್ಲಿ ತಂದು ಮುಂದೆ ನಿಲ್ಲಿಸ್ತೀನಿ."

ಟೀಚರು ಹೇಳಲು ಬಾಯಿ ತೆರೆದವರು ಹಾಗೇ ನಿಂತರು. ಕುರ್ಚಿ ಎಳೆದು ಪಕ್ಕದಲ್ಲಿ ಕೂತರು.

"ನೀವೇ ಹೇಳಿ. ಓದಿದ್ದೀರಲ್ಲ."

ರಾಯರ ಬೆರಳು ಗಾಳಿಯಲ್ಲೇ ನಿಂತಿತು.

ನಡೆದದ್ದಿಷ್ಟು. ತಿಂಗಳ ಹಿಂದೆ ಲೇಖನ ಮುಗಿದ ದಿನ ಟೀಚರು ಅದನ್ನು ಕಂಪ್ಯೂಟರಿನಲ್ಲಿ ತೆರೆದಿಟ್ಟು, "ಮೊದಲು ನೀವು ಓದಿ ರೀ" ಎಂದಿದ್ದರು. ಆ ಸಂಜೆ ಕ್ರಿಕೆಟ್ ಇತ್ತು. ಮರುದಿನ ಅಧಿಕಾರಿಗಳ ತಪಾಸಣೆ ಇತ್ತು. ಅದರ ಮರುದಿನ ಏನೂ ಇರಲಿಲ್ಲ, ಆದರೂ ರಾಯರು ಓದಲಿಲ್ಲ. ವಾರ ಕಳೆದು ಆಕೆ ಕೇಳಿದಾಗ, "ಅದ್ಭುತ! ಎರಡು ಸಲ ಓದಿದೆ!" ಎಂದುಬಿಟ್ಟಿದ್ದರು.

"ಎಷ್ಟು ಸಾಲು ಅಂತ ನೆನಪಿರುತ್ತೆ? ಒಟ್ಟು ಭಾವ ಮನಸ್ಸಲ್ಲಿದೆ," ಎಂದು ತಡವರಿಸಿದರು ರಾಯರು.

"ಭಾವ ಟೈಪ್ ಮಾಡೋಕಾಗಲ್ಲ. ಒಂದು ಪದ ಹೇಳಿ. ಸಾಕು."

ಹೆಂಗಸರು ಬರೆಯುವುದು ಇನ್ನೇನನ್ನು, ತಾಯಿಯನ್ನು ನೆನೆದೇ ಇರಬೇಕು! ರಾಯರು 'ತಾಯಿ' ಎಂದು ಕುಟ್ಟಿದರು. ಯಂತ್ರ ಕ್ಷಣಮಾತ್ರದಲ್ಲಿ ಹದಿನೇಳು ಫೈಲು ತಂದು ಸುರಿಯಿತು. ಹದಿನೇಳೂ ರಾಯರ ರಜೆ ಅರ್ಜಿಗಳು: 'ತಾಯಿಯವರ ತೀವ್ರ ಅನಾರೋಗ್ಯದ ನಿಮಿತ್ತ...'

ಟೀಚರು ಕನ್ನಡಕ ಏರಿಸಿ ಅರ್ಜಿಗಳೊಳಗೆ ಬರೆದಿದ್ದ ತಾರೀಖು ಓದಿದರು. "ಇದರಲ್ಲಿ ನಾಲ್ಕು, ಅತ್ತೆ ತೀರಿಕೊಂಡ ಮೇಲಿನವು."

"ಕಚೇರಿ ಅಂದಮೇಲೆ ಅದೆಲ್ಲ ಇದ್ದದ್ದೇ," ಎಂದು ರಾಯರು ಬೆವರು ಒರೆಸಿಕೊಂಡರು. ಗಡಿಯಾರ ಐದೂಕಾಲು ತೋರಿಸುತ್ತಿತ್ತು. ತಟ್ಟನೆ ಬುದ್ಧಿ ಹೊಳೆಯಿತು. ಹೊಗಳುವಾಗ ಕೊನೆಯಲ್ಲಿ ಅತ್ತುಬಿಟ್ಟೆ ಎಂದೂ ಸೇರಿಸಿದ್ದು ನೆನಪಾಯಿತು. ಅಳುವಂಥ ಲೇಖನದಲ್ಲಿ ಆ ಪದ ಇರದೇ ಇದ್ದೀತೇ? 'ಕಣ್ಣೀರು' ಎಂದು ಹೊಡೆದರು.

ಎರಡು ಸಾವಿರದ ಮುನ್ನೂರ ಹದಿನೆಂಟು ಫೈಲು ಜಾಲಾಡಿದ ಯಂತ್ರ ಬರಿಗೈಯಲ್ಲಿ ವಾಪಸಾಯಿತು. ಇಡೀ ಮನೆಯ ಬರವಣಿಗೆಯಲ್ಲಿ ಒಂದು ತೊಟ್ಟು ಕಣ್ಣೀರಿಲ್ಲ!

"ಈ ಯಂತ್ರವೇ ಸರಿ ಇಲ್ಲ! ಓದಿ ನಾನೇ ಅತ್ತಿದ್ದೀನಿ ಅಂದಮೇಲೆ—"

"ರೀ," ಎಂದರು ಟೀಚರು, "ಅದು ನಗೆಬರಹ."

ರಾಯರ ಮುಖ ಇಂಗು ತಿಂದ ಮಂಗನಂತಾಯಿತು.

"ಓದಿ ಅತ್ತುಬಿಟ್ಟೆ ಅಂದಿರಲ್ಲ, ನನಗೆ ಆವತ್ತೇ ಗೊತ್ತಾಯ್ತು. ಒಂದು ವಾರ ಒಳಮನೆಯಲ್ಲಿ ಕೂತು ಕಿವಿಗೊಟ್ಟು ಕಾದಿದ್ದೆ, ಇವರು ಯಾವಾಗ ನಗ್ತಾರೆ ಅಂತ. ಬೇರೆ ಯಾರು ನಗದಿದ್ರೂ ನೀವೊಬ್ರು ನಗ್ತೀರಿ ಅಂದ್ಕೊಂಡೇ ಬರೆದಿದ್ದು ಅದು."

ಆಕೆಯ ದನಿ ಏರಲಿಲ್ಲ. ಬೈದಿದ್ದರೆ ರಾಯರು ತಿರುಗಿ ಕೂಗಾಡಿ ಬಚಾವಾಗುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ಊರವರ ಕಾಗದವನ್ನೆಲ್ಲ ಹುಡುಕಿಕೊಟ್ಟವರಿಗೆ ಹೆಂಡತಿ ಕೈಗಿಟ್ಟ ನಾಲ್ಕು ಪುಟ ಓದಲಾಗಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಟೀಚರು ಕೀಲಿಮಣೆಯನ್ನು ತಮ್ಮತ್ತ ಎಳೆದುಕೊಂಡು ಲೇಖನದ ಮೊದಲ ಸಾಲನ್ನು ಟೈಪಿಸಿದರು: 'ನನ್ನ ಗಂಡ ಇದನ್ನು ಓದುವುದಿಲ್ಲ, ಆದ್ದರಿಂದ ಧೈರ್ಯವಾಗಿ ನಿಜವನ್ನೇ ಬರೆಯುತ್ತೇನೆ.'

ಯಂತ್ರ ತಡವರಿಸಲಿಲ್ಲ. ಒಂದೇ ಒಂದು ಫೈಲು ಬಂದು ನಿಂತಿತು, ನಂಬರು ೯೮೭. ಐದೂವರೆಗೆ ಅದು ಸಂಪಾದಕರಿಗೆ ಕಳಿಸುವ ಇ-ಮೇಲಿನಲ್ಲಿ ಸೇರಿಕೊಂಡಿತು. ರಾಯರು ತೆರೆಯತ್ತ ಬಗ್ಗಿದರು.

"ಇನ್ನೂ ಅರ್ಧ ಗಂಟೆ ಇದೆಯಲ್ಲ," ಎಂದರು ಮೆತ್ತಗೆ, "ಕಳಿಸೋ ಮುಂಚೆ ಒಂದ್ಸಲ ಓದ್ಲಾ?"

"ಬೇಡ," ಎಂದು ಟೀಚರು ಗುಂಡಿ ಒತ್ತಿಯೇಬಿಟ್ಟರು. "ನೀವು ಓದಿದ್ರೆ ಮೊದಲನೇ ಸಾಲೇ ಸುಳ್ಳಾಗುತ್ತೆ!"