ಗಾಳಿಗೆ ದರ ಕೇಳಿದವಳ ಪಾಡು

ಇವತ್ತರೆ ಸಿಟ್ಟು ಮಾಡ್ಕೋಬಾರದು ಅಂತ ದಿನಾ ಮುಂಜಾನೆ ಗಟ್ಟಿ ಮನಸು ಮಾಡೇ ಕೋಥರೂಡದ ಮನಿಯಿಂದ ಸ್ಕೂಟರ್ ಹತ್ತತೀನಿ. ಆಫೀಸಿನ ಮೊದಲ ಚಹಾ ಮುಗಿಯೋದ್ರೊಳಗ ಯಾರರೆ ಒಬ್ಬರು ಅದನ್ನ ಕೆಡಿಸೇ ಬಿಡ್ತಾರ.

ನಮ್ಮದು ಗಾಳಿಯಿಂದ ಕರೆಂಟ್ ಮಾಡೋ ಸಣ್ಣ ಕಂಪನಿ. ಗುಡ್ಡದ ಮ್ಯಾಲೆ ಹನ್ನೆರಡು ಗಾಳಿಯಂತ್ರ ಅದಾವ. ಕರೆಂಟ್ ಮಾರೋ ಹಳೇ ಕರಾರು ಮುಗೀತು. ಇನ್ನ ಸರಿಯಾದ ದರ ಸಿಕ್ಕರ ಅವು ತಿರುಗ್ತಾವ, ಇಲ್ಲಂದ್ರ ಬಿಚ್ಚಿ ಗುಜರಿಗೆ ಹಾಕೋದು. ಆ ದರಕ್ಕ ಅರ್ಜಿ ಹಿಡಕೊಂಡು ಅಲೆಯೋ ಕೆಲಸ ನಂದು.

೧. ಪುಕ್ಕಟೆ

ಕರೆಂಟ್ ಕೊಳ್ಳೋ ಕಂಪನಿಯ ಸಾಹೇಬರು ನನ್ನ ಅರ್ಜಿ ಓದಿ ಚಷ್ಮಾ ತೆಗೆದರು. "ಅಹೋ ಮೇಡಂ, ವಾರಾ ತರ ಫುಕಟ್ ಅಸತೋ!" ಗಾಳಿ ಪುಕ್ಕಟೆ ಇರ್ತದಲ್ಲ, ಅದಕ್ಕೆಂಥಾ ದರ ಅಂತ ಮರಾಠಿಯೊಳಗ.

ಕಂಬ, ರೆಕ್ಕಿ, ಕ್ರೇನು, ರಿಪೇರಿ, ಎಲ್ಲಾ ಬಿಡಿಸಿ ಹೇಳಿದೆ. "ಅದೆಲ್ಲಾ ಖರೆ. ಆದ್ರ ಗಾಳಿ ಪುಕ್ಕಟೆ ಅಲ್ಲೇನು?" ಅಂದರು ಮತ್ತ!

"ಮಳಿ ನೀರೂ ಪುಕ್ಕಟೆನ ಸಾಹೇಬ್ರ. ನಿಮ್ಮ ಅಪಾರ್ಟ್‌ಮೆಂಟಿಗೆ ನೀರು ತರೋ ಟ್ಯಾಂಕರ್‌ದವ ಪುಕ್ಕಟೆ ಕೊಡ್ತಾನೇನು?"

ಸಾಹೇಬರ ಮುಖ ಕೆಂಪಾತು. "ಅವನ ಸುದ್ದಿ ತಗೀಬ್ಯಾಡ್ರಿ, ಲಫಂಗಾ!" ಅಂತ ಶುರು ಮಾಡಿದವರು ಅರ್ಧ ತಾಸು ಅವನನ್ನ ಬೈದರು. ಊಟದ ಹೊತ್ತಾತು, ನನ್ನ ಫೈಲ್ ಮುಚ್ಚಿದರು.

೨. ತಪಾಸಣಿ

ಆಮ್ಯಾಲೆ ಆ ಸಾಹೇಬರು ನಮ್ಮ ಯಂತ್ರ ನೋಡಿ ಬರ್ಲಿಕ್ಕೆ ಇಬ್ಬರನ್ನ ಕಳಿಸಿದರು. ನಮ್ಮ ಗುಡ್ಡದಾಗ ಖರೇ ಗಾಳಿ ಬೀಸೋದು ಮಳಿಗಾಲದಾಗ. ಈ ಪುಣ್ಯಾತ್ಮರು ಬಂದದ್ದು ಡಿಸೆಂಬರದಾಗ! ಒಂದು ಎಲಿನೂ ಅಲ್ಲಾಡ್ತಿರಲಿಲ್ಲ. "ಯಂತ್ರ ಬಂದ್ ಬಿದ್ದಾವ" ಅಂತ ವರದಿಯೊಳಗ ಬರೆದೇ ಬಿಟ್ಟರು.

ನನ್ನ ತಲಿ ತಿರುಗಿತು. "ಜುಲೈದಾಗ ಬರ್ರಿ ಅಂತ ಪತ್ರದ ಮ್ಯಾಲೆ ಪತ್ರ ಬರೆದಿದ್ನಲ್ರಿ!"

"ಬಂದಿದ್ವಿ ಮೇಡಂ," ಅಂದರು ಇಬ್ಬರೊಳಗ ಹಿರಿಯರು. "ಹಂಗೇ ತಿರುಗಿ ಹೋದ್ವಿ."

"ಯಾಕ್ರಿ?"

"ಗಾಳಿ ಭಾಳ ಇತ್ತು. ಕಾರಿನ ಬಾಗಿಲಾನ ತಗೀಲಿಕ್ಕೆ ಆಗಲಿಲ್ಲ."

೩. ನಂಬಿಕಿ

ಕಡೀಗೆ ಕರೆಂಟಿನ ದರ ನಿಗದಿ ಮಾಡೋ ಆಯೋಗದ ಮುಂದ ವಿಚಾರಣೆ. ಐದು ತಾರೀಖು ಕೊಟ್ಟರು, ಐದೂ ಮುಂದ ಹಾಕಿದರು. ಒಮ್ಮೆ ಸದಸ್ಯರು ರಜಾ, ಒಮ್ಮೆ ಕರೆಂಟ್ ಕೊಳ್ಳೋ ಕಂಪನಿಯ ವಕೀಲರೇ ಬರಲಿಲ್ಲ, ಉಳಿದದ್ದು ಯಾಕಂತ ಯಾರಿಗೂ ಗೊತ್ತಿಲ್ಲ.

ಆರನೇ ಸಲ ಆ ವಕೀಲರು ಎದ್ದು ನಿಂತು ಹೇಳ್ತಾರ: "ಗಾಳಿಯನ್ನ ನಂಬಲಿಕ್ಕೆ ಬರೂದಿಲ್ಲ. ಮನಸು ಬಂದಾಗ ಬರ್ತದ. ಅಂಥಾದ್ದಕ್ಕ ಪೂರಾ ದರ ಯಾಕ?"

ಕೇಳ್ಕೊಂಡು ಕೂಡಲಿಕ್ಕೆ ಆಗಲಿಲ್ಲ ನನಗ. ನಮ್ಮ ವಕೀಲರು ಸೆರಗು ಜಗ್ಗಿದರೂ ಎದ್ದೆ. "ನಾಳೆ ಎಷ್ಟು ಕರೆಂಟ್ ಬರ್ತದ ಅಂತ ಕಾಲು ಕಾಲು ತಾಸಿಂದು ನಾವು ಇವತ್ತೇ ಬರೆದು ಕೊಡಬೇಕ್ರಿ. ಭಾಳ ಹೆಚ್ಚುಕಡಿಮಿ ಆದ್ರ ದಂಡ ಕಟ್ತೀವಿ. ಇಲ್ಲೆ ಐದು ತಾರೀಖು ತಪ್ಪಿದವು, ಯಾರು ದಂಡ ಕಟ್ಟಿದ್ರಿ?"

ಮೊದಲು ನಕ್ಕವರು ಅಧ್ಯಕ್ಷರು. ಆಮ್ಯಾಲೆ ಇಡೀ ಹಾಲ್ ನಕ್ಕಿತು. "ಮೇಡಂ ಅವರ ಮಾತು ಖರೆ ಅದ. ದರ ನ್ಯಾಯವಾಗೇ ಇರಬೇಕು," ಅಂದರು ಅಧ್ಯಕ್ಷರು. ನನಗ ಖುಷಿಗೆ ಕಣ್ಣಾಗ ನೀರೇ ಬಂತು. ಕೈ ಮುಗಿದು ಕೇಳಿದೆ: "ಹಂಗಾದ್ರ ಆದೇಶ ಯಾವಾಗ ಬರ್ತದ್ರಿ ಸಾಹೇಬ್ರ?"

ಅಧ್ಯಕ್ಷರು ಗುಮಾಸ್ತರ ಮುಖ ನೋಡಿದರು. ಗುಮಾಸ್ತರು ಛಾವಣಿ ನೋಡಿದರು.

"ಖಾತ್ರಿ ಹೇಳಲಿಕ್ಕೆ ಬರೂದಿಲ್ಲ ಮೇಡಂ," ಅಂದರು ಅಧ್ಯಕ್ಷರು, "ಬಂದಾಗ ಬರ್ತದ."