ನನ್ನ ಮೊಣಕೈ, ಯಜಮಾನರ ಮಾನ

ಕೆಲವು ನಿಜಗಳು ಹುಟ್ಟುವಾಗಲೇ ಸುಳ್ಳಿನ ಮುಖ ಹೊತ್ತುಕೊಂಡು ಬರುತ್ತವೆ. ಎಡಗೈಯ ಒಳಮೈಯಲ್ಲಿ ನೇರಳೆ ಹಣ್ಣಿನ ಬಣ್ಣದ ಬಾಸುಂಡೆ ಇಟ್ಟುಕೊಂಡು, ಐವತ್ತು ದಾಟಿದ ಹೆಂಗಸೊಬ್ಬಳು ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ "ಬಿಲ್ಲಿನ ಹೆದೆ ಬಡಿಯಿತು" ಎಂದರೆ ಯಾರು ನಂಬುತ್ತಾರೆ? ನಾನೇ ನಂಬುತ್ತಿರಲಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದೆ ಎಂದಿದ್ದರೆ ಸ್ವಲ್ಪ ಮರ್ಯಾದೆಯಾದರೂ ಉಳಿಯುತ್ತಿತ್ತು.

ಹೆಗಲು ಹಿಡಿದುಕೊಂಡಿದೆ, ಏನಾದರೂ ವ್ಯಾಯಾಮ ಮಾಡಿ ಎಂದು ಡಾಕ್ಟರು ಹೇಳಿದ್ದರು. ಯೋಗಕ್ಕೆ ಹೋದರೆ ಕೊನೆಯಲ್ಲಿ ಎಲ್ಲರೂ ಸೇರಿ ಬಲವಂತವಾಗಿ ನಗಬೇಕು. ಜುಂಬಾಕ್ಕೆ ಹೋದರೆ ಮೊದಲಿನಿಂದಲೇ ನಗು ತಡೆಯಲಾಗುವುದಿಲ್ಲ. ಪುಟ್ಟೇನಹಳ್ಳಿ ಕೆರೆಯ ಆಚೆ ಖಾಲಿ ಸೈಟೊಂದರಲ್ಲಿ ಬಿಲ್ಲುವಿದ್ಯೆ ಕಲಿಸುತ್ತಾರೆಂದು ತಿಳಿದು ಅಲ್ಲಿಗೆ ಸೇರಿದೆ. ಕೈಯಲ್ಲಿ ಆಯುಧ ಇರುವವರನ್ನು ಯಾರೂ ಸುಮ್ಮಸುಮ್ಮನೆ ಮಾತನಾಡಿಸುವುದಿಲ್ಲ ಎಂಬುದೇ ನನಗೆ ದೊಡ್ಡ ಆಕರ್ಷಣೆ. ತೋಳಿಗೆ ಕಟ್ಟಿಕೊಳ್ಳಲು ಒಂದು ಪಟ್ಟಿ ಕೊಟ್ಟರು. ಶತ್ರು ಹೊರಗಿನಿಂದಲೇ ಬರುವವನೆಂದು ತಿಳಿದು ಅದನ್ನು ಕೈಯ ಹೊರಮೈಗೆ ಕಟ್ಟಿಕೊಂಡೆ. ಹೆದೆ ಒಳಮೈಗೆ ಬಡಿಯಿತು. ಒಳಕ್ಕೆ ತಿರುಗಿಸಿ ಕಟ್ಟಿದರೆ, ಪಟ್ಟಿ ಮುಗಿಯುವ ಜಾಗ ಹುಡುಕಿಕೊಂಡು ಬಂದು ಮೊಣಕೈ ಪಕ್ಕಕ್ಕೆ ಬಡಿಯಿತು. ಪುರಾಣದಲ್ಲಿ ಅಷ್ಟೊಂದು ಜನ ಬಾಣ ಬಿಟ್ಟಿದ್ದಾರೆ, ಒಬ್ಬರಾದರೂ ಸಂಜೆ ಶಿಬಿರಕ್ಕೆ ಬಂದು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡ ಸುದ್ದಿಯಿಲ್ಲ. ಬರೆದವರು ಯಾರೂ ಬಿಲ್ಲು ಹಿಡಿದಿರಲಿಕ್ಕಿಲ್ಲ.

ಇನ್ನು ನನ್ನ ಯಜಮಾನರು. ನಿವೃತ್ತ ಗಣಿತದ ಮೇಷ್ಟ್ರು, ಜಿರಲೆ ಕಂಡರೆ ಸೋಫಾ ಹತ್ತುವ ಮನುಷ್ಯ. ಕೆಳಮನೆಯ ಜಲಜಮ್ಮ ನನ್ನ ಕೈ ನೋಡಿದ ಮರುದಿನದಿಂದ ಯಜಮಾನರ ನಮಸ್ಕಾರಕ್ಕೆ ಉತ್ತರ ಬರುವುದು ನಿಂತಿತು. ಅವರು ಪಾರ್ಕಿನ ಬೆಂಚಿಗೆ ಬಂದರೆ ವಾಕಿಂಗಿನ ಸ್ನೇಹಿತರು ಏನೋ ಕೆಲಸ ನೆನಪಾದವರಂತೆ ಎದ್ದು ಹೋಗುತ್ತಿದ್ದರು. ವರಮಹಾಲಕ್ಷ್ಮಿ ಹಬ್ಬಕ್ಕೆ ಅರಿಶಿನ ಕುಂಕುಮ ತೆಗೆದುಕೊಳ್ಳಲು ಹೋದಾಗ, ಇದು ಬಿಲ್ಲಿನ ಪೆಟ್ಟು ಎಂದು ಜಲಜಮ್ಮನಿಗೆ ಬಿಡಿಸಿ ಹೇಳಿದೆ. ಅವರು ನನ್ನ ಕೆನ್ನೆ ಸವರಿ, ತಮ್ಮ ಅತ್ತಿಗೆಯೂ ಹೀಗೇ ಏನೇನೋ ಹೇಳುತ್ತಿದ್ದಳು ಎಂದರು. ಬ್ಲೌಸ್ ಪೀಸು ಕೈಗಿಡುತ್ತಾ ಮೆಲ್ಲಗೆ, "ಒಂದ್ ಕೂಗು ಹಾಕಮ್ಮ, ಬಂದ್ಬಿಡ್ತೀವಿ" ಎಂದರು.

ಇದನ್ನು ಮನೆಗೆ ಬಂದು ನಗುತ್ತಾ ಹೇಳಿದೆ. ಯಜಮಾನರು ನಗಲಿಲ್ಲ. "ಇಷ್ಟು ವರ್ಷ ಮೇಷ್ಟ್ರಾಗಿದ್ದೂ ಒಂದ್ ಹುಡುಗನ ಕಿವಿ ಹಿಂಡಿಲ್ಲ ಕಣೇ ನಾನು" ಎಂದು ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದರು. ಅವರ ಮಾನ ಉಳಿಯಬೇಕಾದರೆ ನನ್ನ ಕೈ ನೆಟ್ಟಗಾಗಬೇಕಿತ್ತು.

ನಮಗೆ ಕಲಿಸುವವಳು ಹುಬ್ಬಳ್ಳಿ ಕಡೆಯ ಹುಡುಗಿ, ಬಿಟಿಎಂನಲ್ಲಿ ಬಾಡಿಗೆಗಿದ್ದಾಳೆ, ಬಾಯಿ ಸ್ವಲ್ಪ ಜೋರು. ನನ್ನ ಗೋಳು ಕೇಳಿ, "ಬಸ್ಸಿನ ಕಂಬಿ ಹಿಡಿದಂಗ ಹಿಡೀಬ್ಯಾಡ್ರಿ ಮೇಡಂ. ಇಲ್ಲಿ ಯಾರೂ ಬ್ರೇಕ್ ಹಾಕಂಗಿಲ್ಲ" ಎಂದಳು. ನಿಜವೇ. ಬನಶಂಕರಿಯಿಂದ ಆಫೀಸಿಗೆ ನಿಂತುಕೊಂಡೇ ಓಡಾಡಿ ಸವೆದ ಕೈ ಇದು, ಕಂಬಿಯಂಥದ್ದು ಏನು ಸಿಕ್ಕರೂ ಮುಷ್ಟಿ ತಾನಾಗಿ ಬಿಗಿಯುತ್ತದೆ. ಮುಷ್ಟಿ ಬಿಗಿದರೆ ಮಣಿಕಟ್ಟು ಒಳಕ್ಕೆ ಹೊರಳಿ, ತೋಳು ಹೆದೆಯ ದಾರಿಗೆ ಅಡ್ಡ ಬರುತ್ತದೆ. ಬಿಲ್ಲನ್ನು ಹಿಡಿಯಬಾರದಂತೆ, ಹೆಬ್ಬೆರಳ ಬುಡದಿಂದ ತಳ್ಳಬೇಕಂತೆ, ಬೆರಳೆಲ್ಲ ಸಡಿಲ. ಮೊಣಕೈ ಮಡಿಕೆ ಆಕಾಶ ನೋಡದೆ ಪಕ್ಕಕ್ಕೆ ನೋಡಬೇಕು. ಅದಕ್ಕೆ ಅಭ್ಯಾಸವೆಂದರೆ ಅಂಗೈಯನ್ನು ಗೋಡೆಗೊತ್ತಿ, ಅಂಗೈ ಕದಲದಂತೆ ಮೊಣಕೈಯನ್ನಷ್ಟೇ ತಿರುಗಿಸುವುದು. ಕುಕ್ಕರ್ ಕೂಗುವ ತನಕ ದಿನಾ ಅಡುಗೆಮನೆ ಗೋಡೆ ತಳ್ಳಿದೆ. ಬಾಸುಂಡೆ ಹಳದಿಗೆ ತಿರುಗಿ, ಮಾಸಿ, ಹೋಯಿತು.

ಮಾನ ಮಾತ್ರ ವಾಪಸು ಬರಲಿಲ್ಲ. ತಾವು ಕಣ್ಣಿಟ್ಟಿದ್ದರಿಂದಲೇ ಮೇಷ್ಟ್ರು ತೆಪ್ಪಗಾದರೆಂದು ಜಲಜಮ್ಮ ಹೇಳಿಕೊಂಡು ಓಡಾಡಿದರು. ಯಜಮಾನರಿಗೆ ರೇಗಿಹೋಯಿತು. ತಾನೇ ಬಿಲ್ಲು ಹಿಡಿದು ಫೋಟೊ ತೆಗೆಸಿಕೊಂಡು ಎಲ್ಲರ ಮುಖಕ್ಕೆ ಹಿಡಿಯುತ್ತೇನೆಂದು ನನ್ನ ಜೊತೆ ಹೊರಟರು. ಮೊಣಕೈ ತಿರುಗಿಸಿ ಎಂದೆ. ಗಣಿತದ ಮೇಷ್ಟ್ರಿಗೇ ಕೋನದ ಪಾಠ ಹೇಳುತ್ತೀಯಾ ಎಂದು ಗದರಿ, ಮುಷ್ಟಿ ಬಿಗಿದು, ಬಿಟ್ಟರು. ಬಾಣ ಹುಲ್ಲಿಗೆ ಹೋಯಿತು, ಹೆದೆ ಕೈಗೆ ಬಂತು. ಫೋಟೊದಲ್ಲಿ ಬಿಲ್ಲು ಬರಲೇ ಇಲ್ಲ, ಬಂದದ್ದು ಅವರ ತೆರೆದ ಬಾಯಿ ಮಾತ್ರ.

ಮರುದಿನ ಕೈಯ ಬಾಸುಂಡೆ ಮರೆತು ಅರ್ಧ ತೋಳಿನ ಬನಿಯನ್ನಿನಲ್ಲೇ ಹಾಲು ತರಲು ಕೆಳಗಿಳಿದರು. ಮಧ್ಯಾಹ್ನಕ್ಕೆ ಜಲಜಮ್ಮ ಬಿಸಿ ಹೋಳಿಗೆ ಡಬ್ಬಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. "ಒಳ್ಳೇ ಕೆಲ್ಸ ಮಾಡ್ದೆ ಕಣಮ್ಮ. ಆದ್ರೆ ಇನ್ನು ಸಾಕು ಬಿಡು, ಪಾಪ, ವಯಸ್ಸಾದ ಜೀವ" ಎಂದು ಪಿಸುಗುಟ್ಟಿದರು. ಒಳಗಿನಿಂದ ಯಜಮಾನರು, ನಿಜ ಹೇಳೇ, ನಿಜ ಹೇಳೇ ಎಂದು ಗೋಗರೆಯುತ್ತಿದ್ದರು. ನಾನು ಹೋಳಿಗೆ ನೋಡಿದೆ.

"ಆಯ್ತು ಆಂಟಿ, ಇನ್ಮೇಲೆ ಹೊಡಿಯಲ್ಲ" ಎಂದೆ.

ಈಗ ಯಜಮಾನರಿಗೆ ಎಲ್ಲರೂ ಮೊದಲಿಗಿಂತ ಪ್ರೀತಿಯಿಂದ ನಮಸ್ಕಾರ ಹೇಳುತ್ತಾರೆ, ಕೈ ಹೇಗಿದೆ ಸಾರ್ ಎಂದೂ ವಿಚಾರಿಸುತ್ತಾರೆ. ನಾನು ಬರುವುದು ಕಂಡರೆ ಗಂಡಸರು ಮಾತು ನಿಲ್ಲಿಸಿ, ಸರಿದು ನಿಲ್ಲುತ್ತಾರೆ. ನಿಜ ಹೇಳಿಬಿಡಬೇಕು ಎಂದು ದಿನಾ ಅಂದುಕೊಳ್ಳುತ್ತೇನೆ. ಆದರೆ ಇಷ್ಟು ವರ್ಷ ಈ ಅಪಾರ್ಟ್‌ಮೆಂಟಿನಲ್ಲಿ ನನ್ನನ್ನು ಕಂಡು ಯಾರೂ ಸರಿದು ನಿಂತಿರಲಿಲ್ಲ.